ವ್ಯಾನು ತೊಳೆಯಬೇಕಾದವರು ಯಾರು?

ನಮ್ಮ ಮನೆತನದಲ್ಲಿ ನಗು ಬರುವಂಥದ್ದೆಲ್ಲ ನಡೆಯುವುದು ಅಳಬೇಕಾದ ಹೊತ್ತಿನಲ್ಲೇ. ಯಾರ ಶಾಪವೋ ಗೊತ್ತಿಲ್ಲ. ಬೇರೆಯವರ ಮನೆಯಲ್ಲಿ ಜಗಳವಾದರೆ ಊರು ಕಿವಿಗೊಟ್ಟು ಕೇಳುತ್ತದೆ, ನಮ್ಮಲ್ಲಾದರೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ನಾನೂ ನಕ್ಕಿದ್ದೇನೆ. ನಕ್ಕು ಮುಗಿದ ಮೇಲೆ ಒಳಗೆ ಹೋಗಿ ಸೆರಗಲ್ಲಿ ಕಣ್ಣೊರೆಸಿಕೊಂಡಿದ್ದೇನೆ.

ನಾನು ಹೊಳಲ್ಕೆರೆಯಲ್ಲಿ ಬ್ಲೌಸ್ ಹೊಲಿಯುವವಳು. ನಮ್ಮ ಯಜಮಾನರು ಡ್ರೈವರ್. ನನ್ನ ತವರು ಹಿರೇಗುಂಟನೂರು ಕಡೆ, ಅಲ್ಲಿ ನನ್ನ ತಮ್ಮ ಕುರಿ, ಹೊಲ ನೋಡಿಕೊಂಡಿದ್ದಾನೆ. ಒಂದು ಕಾಲಕ್ಕೆ ಇವರಿಬ್ಬರೂ ಸೇರಿ ಒಂದು ವ್ಯಾನು ಕೊಂಡಿದ್ದರು. ಮೂಗು ಚಪ್ಪಟೆ, ಕಣ್ಣು ದುಂಡಗೆ, ಗೇರು ಸ್ಟಿಯರಿಂಗ್ ಪಕ್ಕದಲ್ಲಿ. ಕೊಂಡಾಗಲೇ ಅದು ಹಳೆಯದು, ಈಗ ಅಂಥದ್ದು ರಸ್ತೆ ಮೇಲೆ ಕಾಣುವುದೇ ಇಲ್ಲ. ಯಜಮಾನರು ಓಡಿಸುವುದು, ತಮ್ಮ ಬಾಡಿಗೆ ಹಿಡಿಯುವುದು. ಹಿರಿಯೂರಿಂದ ತೆಂಗಿನಕಾಯಿ, ಹೊಸದುರ್ಗಕ್ಕೆ ದಿಬ್ಬಣ, ಚಿತ್ರದುರ್ಗದಿಂದ ಬಾಣಂತಿ, ಏನು ಸಿಕ್ಕರೆ ಅದು. ಭಾವ, ಭಾವಮೈದ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಅಂಥವರು ಮಾತು ಬಿಟ್ಟರು.

ಹಿಕ್ಕೆ

ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದ ಕಾಲ. ಅವತ್ತು ಬೆಳಿಗ್ಗೆ ವ್ಯಾನಿನ ತುಂಬ ಟಗರು ತುಂಬಿಕೊಂಡು ಹಿರಿಯೂರು ಸಂತೆಗೆ ಹೋಗಿ ಬಂದಿದ್ದರು. ಮಧ್ಯಾಹ್ನ ಅದೇ ವ್ಯಾನಿನಲ್ಲಿ ರಾಮಗಿರಿಯಿಂದ ಹೊಸದುರ್ಗಕ್ಕೆ ಗಂಡಿನ ದಿಬ್ಬಣ. ನಡುವೆ ಯಾರಾದರೂ ಒಬ್ಬರು ವ್ಯಾನು ತೊಳೆಯಬೇಕಿತ್ತು. ತಮ್ಮ ತೊಳೆಯುತ್ತಾನೆ ಅಂತ ಯಜಮಾನರು ಊಟಕ್ಕೆ ಕೂತರು. ಭಾವ ತೊಳೆಯುತ್ತಾರೆ ಅಂತ ತಮ್ಮ ಕ್ಷೌರಕ್ಕೆ ಹೋದ. ಆಮೇಲೆ ಇಬ್ಬರೂ ಅವಸರವಸರವಾಗಿ ಬಂದು, ಒಳಗೆ ಉದ್ದಕ್ಕೂ ಜಮಖಾನ ಹಾಸಿ, ಮುಂದೆ ಹೂವಿನ ಹಾರ ಕಟ್ಟಿ ಹೊರಟೇಬಿಟ್ಟರು.

ಹೊಸದುರ್ಗದ ಛತ್ರದ ಮುಂದೆ ಮದುಮಗ ಇಳಿದ. ಮುಂದಿನಿಂದ ನೋಡಿದರೆ ರಾಜಕುಮಾರ, ಹಿಂದಿನಿಂದ ನೋಡಿದರೆ ಕುರಿ ದೊಡ್ಡಿ. ಜಮಖಾನದ ಹರುಕಿನಿಂದ ಮೇಲೆದ್ದ ಹಿಕ್ಕೆ ಬಿಳಿ ಪಂಚೆಯ ತುಂಬ ಅರೆದು ಮೆತ್ತಿಕೊಂಡಿತ್ತು. ಗಂಡಿನ ಅಜ್ಜ ಜೀವಮಾನವೆಲ್ಲ ಕುರಿ ಕಾಯ್ದವನು, "ಏನಾಗಲ್ಲ ಬಿಡ್ರಿ, ಕುರಿ ಹಿಕ್ಕೆ ಅಂದ್ರೆ ಲಕ್ಷ್ಮಿ" ಅಂದ. ಹೆಣ್ಣಿನ ಕಡೆಯವರು ಪೇಟೆ ಜನ. ಒಂದು ಕೈಯಲ್ಲಿ ಆರತಿ ತಟ್ಟೆ, ಇನ್ನೊಂದು ಕೈ ಮೂಗಿನ ಮೇಲೆ.

"ಗಾಡಿ ತೊಳಿಯೋದು ಯಾರ ಕೆಲ್ಸಲೇ?" ಅಂದರು ಯಜಮಾನರು, ಅಷ್ಟು ಜನದ ಮುಂದೆ.

"ಟಗರು ಹತ್ತಿಸಿದ್ದು ನಾನು, ಇಳಿಸಿದ್ದು ನಾನು. ನೀವು ಕುಂತಲ್ಲಿಂದ ಎದ್ದಿಲ್ಲ. ತೊಳಿಯೋದೂ ನಾನೇ ಏನು?" ಅಂದ ತಮ್ಮ.

"ನಿಮ್ಮ ಮನೆತನಾನೇ ಇಷ್ಟು. ಹಿಕ್ಕೆ ಮೇಲೇ ಉಂಡು ಹಿಕ್ಕೆ ಮೇಲೇ ಮಲಗೋ ಜನ."

"ಹಂಗಾರೆ ಆ ಜನದ ಮಗಳನ್ನ ಯಾಕೆ ಕಟ್ಕಂಡ್ರಿ?"

ಅಲ್ಲಿಗೆ ಜಗಳ ವ್ಯಾನನ್ನು ಬಿಟ್ಟು ನನ್ನ ಮೇಲೆ ಬಂತು. ಇನ್ನೂ ಏನೇನು ಆಗುತ್ತಿತ್ತೋ, ಪಾಪ ಆ ಮದುಮಗ ಬಾಸಿಂಗ ಕಟ್ಟಿಕೊಂಡೇ ಇಬ್ಬರ ನಡುವೆ ಬಂದು ನಿಂತು ಕೈಮುಗಿದ. "ಗಾಡಿ ಆಮೇಲೆ ತೊಳಿರಿ ಮಾರಾಯ್ರೇ. ಮುಹೂರ್ತ ಮೀರೋದ್ರೊಳಗೆ ನನ್ನ ಪಂಚೆ ಯಾರು ಒಗೀತೀರ, ಅದು ಹೇಳ್ರಿ."

ಪಕ್ಕದ ಹಾಸಿಗೆಯವರು

ಯಜಮಾನರು ಅಲ್ಲೇ ವ್ಯಾನಿನ ಕೀಲಿ ಕಿತ್ತುಕೊಂಡು ಬಸ್ಸು ಹತ್ತಿದರು. ತಮ್ಮ ಟ್ರ್ಯಾಕ್ಟರ್‌ಗೆ ಕಟ್ಟಿಸಿ ವ್ಯಾನನ್ನು ಊರಿಗೆ ಎಳೆಸಿಕೊಂಡು ಹೋಗಿ ಕಣದಲ್ಲಿ, ಬೇವಿನ ಮರದ ಕೆಳಗೆ ನಿಲ್ಲಿಸಿದ. "ಅವನು ತೊಳೀಲಿ, ಓಡಿಸ್ತೀನಿ" ಅಂತ ಇವರು. "ಅವರು ತೊಳೀಲಿ, ಹತ್ತುತೀನಿ" ಅಂತ ಅವನು. ಕೀಲಿ ನಮ್ಮನೆಯಲ್ಲಿ, ವ್ಯಾನು ತವರಲ್ಲಿ, ನಡುವೆ ನಾನು. ಯಜಮಾನರು ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡು ಓಡಾಡತೊಡಗಿದರು. ಹಬ್ಬ ಬಂದರೆ ನಾನೊಬ್ಬಳೇ ಮಗಳನ್ನು ಎತ್ತಿಕೊಂಡು ತವರಿಗೆ ಹೋಗಿ ಬರುವುದಾಯಿತು.

ನಮ್ಮ ಕಡೆ ಮಾತು ಬಿಟ್ಟವರು ಪೂರ್ತಿ ಬಿಡುವುದಿಲ್ಲ, ನೇರ ಆಡುವುದನ್ನು ಮಾತ್ರ ಬಿಡುತ್ತಾರೆ. ಗೋಡೆಗೆ ಹೇಳುತ್ತಾರೆ, ಎಮ್ಮೆಗೆ ಹೇಳುತ್ತಾರೆ. ಕೇಳಬೇಕಾದವರು ಕೇಳಿಸಿಕೊಂಡು ಎಮ್ಮೆಗೇ ಉತ್ತರ ಕೊಡುತ್ತಾರೆ. ಇವರಿಬ್ಬರಿಗೆ ಆ ಎಮ್ಮೆ ನಾನು. ಫೋನಿನಲ್ಲಿ ಅವನು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವನಿಗೆ. ಬೈಗುಳವಿದ್ದರೆ ಸೋಸಿ ಸಾಗಿಸುತ್ತಿದ್ದೆ.

ಒಮ್ಮೆ ಯಜಮಾನರಿಗೆ ತಡೆಯಲಾರದ ಹೊಟ್ಟೆನೋವು ಬಂದು ಚಿತ್ರದುರ್ಗದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಎಕ್ಸ್‌ರೇ ನೋಡಿದ ಡಾಕ್ಟರು, "ಏನಮ್ಮ, ಇವರು ಕೀಲಿ ನುಂಗಿದಾರಾ?" ಎಂದು ಗಾಬರಿಯಾದರು. ಅದು ಉಡುದಾರದ್ದು ಅಂತ ನಾನು ಬಿಡಿಸಿ ಹೇಳಬೇಕಾಯಿತು.

ಸುದ್ದಿ ಕೇಳಿ ತಮ್ಮ ಎಳನೀರಿನ ಗೊಂಚಲು ಹೊತ್ತುಕೊಂಡು ಓಡಿ ಬಂದ. ಮುಖದಲ್ಲಿ ನೆತ್ತರಿರಲಿಲ್ಲ. ಬಂದವನು ಭಾವನ ಮಂಚಕ್ಕೆ ಬೆನ್ನು ಮಾಡಿ, ಪಕ್ಕದ ಹಾಸಿಗೆಯ ರೋಗಿಯ ಹತ್ತಿರ ಕುಳಿತ. ಅವರು ಯಾರೋ ಹಿರಿಯೂರಿನವರು, ಕಾಲು ಮುರಿದುಕೊಂಡವರು.

"ಯಜಮಾನ್ರೇ, ನಿಮ್ಮ ಪಕ್ಕದೋರಿಗೆ ಹೇಳ್ರಿ. ಎಳನೀರು ಕುಡೀಲಿ, ನೋವು ಕಮ್ಮಿ ಆಗ್ತೈತೆ."

"ಯಜಮಾನ್ರೇ, ತಂದೋರಿಗೆ ಹೇಳ್ರಿ," ಅಂದರು ನಮ್ಮವರು ಸೂರು ನೋಡುತ್ತ, "ಅಷ್ಟು ದೂರದಿಂದ ಹೊತ್ಕಂಡು ಬರೋದು ಬೇಕಿರ್ಲಿಲ್ಲ."

ಆ ಮನುಷ್ಯ ಒಳ್ಳೆಯವರು. ಕಾಲು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದರೂ ಮಧ್ಯಾಹ್ನದವರೆಗೆ ಅತ್ತಿಂದಿತ್ತ ಇತ್ತಿಂದತ್ತ ಮಾತು ದಾಟಿಸಿದರು. ತಮ್ಮ ಕೊನೆಗೂ ಗಂಟಲು ಸರಿಮಾಡಿಕೊಂಡು, "ಆವತ್ತು ಛತ್ರದ ಮುಂದೆ ಆಗಿದ್ದು..." ಅಂತ ಶುರು ಮಾಡಿದ. ಅಷ್ಟರಲ್ಲಿ ನರ್ಸ್ ಬಂದು ಹಿರಿಯೂರಿನವರನ್ನು ಬೇರೆ ವಾರ್ಡಿಗೆ ತಳ್ಳಿಕೊಂಡು ಹೋದಳು. ತಮ್ಮ ಬಾಯಿ ಮುಚ್ಚಿ ಕುಳಿತ. ಆ ಹಾಸಿಗೆಗೆ ಹೊಸ ರೋಗಿ ಬರುವವರೆಗೆ ಕಾದ. ಬಂದವರು ತೆಲುಗಿನವರು, ಕನ್ನಡ ಬರುತ್ತಿರಲಿಲ್ಲ.

ಅವ್ವನ ಪಯಣ

ಇದರಲ್ಲಿ ನಗುವುದು ಸ್ವಲ್ಪ ಕಡಿಮೆ.

ನನ್ನವ್ವನಿಗೆ ಅಳಿಯ ಅಂದರೆ ಮಗನಿಗಿಂತ ಒಂದು ಹಿಡಿ ಹೆಚ್ಚೇ ಪ್ರೀತಿ. ವಯಸ್ಸಾದ ಮೇಲೆ ಮನೆಯೊಳಗಿನ ಸೆಕೆ ತಡೆಯದೆ ಬೇವಿನ ಮರದ ಕೆಳಗಿನ ಆ ವ್ಯಾನಿಗೆ ಹತ್ತಿ ಕೂರತೊಡಗಿದಳು. ಅದಾಗಲೇ ಕೋಳಿಗೂಡಾಗಿತ್ತು. ಕಿಟಕಿ ಗಾಜು ಒಡೆದು ಗಾಳಿ ಬರುತ್ತಿತ್ತು. ಡ್ರೈವರ್ ಪಕ್ಕದ ಸೀಟಿನಲ್ಲಿ ಎಲೆಯಡಿಕೆ ಚೀಲ ಇಟ್ಟುಕೊಂಡು, ಹಿಂದೆ ಕೋಳಿಗಳನ್ನು ಕೂರಿಸಿಕೊಂಡು ಮಧ್ಯಾಹ್ನವೆಲ್ಲ ಇರುತ್ತಿದ್ದಳು.

ದಾರಿಯಲ್ಲಿ ಹೋಗುವವರು ರೇಗಿಸುತ್ತಿದ್ದರು. "ಏನಜ್ಜಿ, ಎಲ್ಲಿಗೆ ಪಯಣ?"

"ಹೊಳಲ್ಕೆರೆಗೆ. ಮಗಳ ಮನೆಗೆ."

"ಮತ್ತೆ ಹೊರಡಲೊಲ್ದಲ್ಲ ಗಾಡಿ?"

"ಡ್ರೈವರ್ ಬರ್ಲಿ ಅಂತ ಕುಂತೀನಿ."

ಊರವರು ಇದನ್ನು ನನಗೆ ಹೇಳಿ ನಗಿಸಿದರು. ನಾನು ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರೂ ನಕ್ಕರು, ಆಮೇಲೆ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು. "ಹೋಗಾಣ ಬರ್ರಿ, ಒಂದ್ಸಲ ಮುಖ ತೋರಿಸಿ ಬರಾಣ" ಅಂದೆ. "ಮುಂದಿನ ಹಬ್ಬಕ್ಕೆ ನೋಡಾಣ" ಅಂದರು. ಮುಂದಿನ ಹಬ್ಬಕ್ಕೆ ಅವ್ವ ಇರಲಿಲ್ಲ. ಡ್ರೈವರು ಬಂದದ್ದು ಅವ್ವನ ಮಣ್ಣಿಗೆ. ಭಾವ ಆ ಕಡೆ, ಭಾವಮೈದ ಈ ಕಡೆ ನಿಂತು ಒಂದೊಂದು ಹಿಡಿ ಮಣ್ಣು ಹಾಕಿದರು. ಇಬ್ಬರೂ ಅಳುತ್ತಿದ್ದರು. ಆವತ್ತೂ ಮಾತಾಡಲಿಲ್ಲ.

ದುಃಖಕ್ಕೆ ಬಂದ ಮುದುಕಿಯೊಬ್ಬಳು ಸಮಾಧಾನ ಹೇಳುತ್ತ ವ್ಯಾನಿನ ಕಡೆ ಕೈತೋರಿಸಿ, "ಪುಣ್ಯಾತ್ಗಿತ್ತಿ, ಟಿಕೀಟಿಲ್ದೆ ಅಷ್ಟು ದಿನ ಕುಂತಿದ್ಲು, ಊರು ಮಾತ್ರ ಬರ್ಲಿಲ್ಲ" ಅಂದಳು. ಅಳುತ್ತಿದ್ದ ನಾವೆಲ್ಲ ನಕ್ಕುಬಿಟ್ಟೆವು. ಆ ನಗು ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಚುಚ್ಚುತ್ತದೆ.

ಕಾವಿಗೆ ಕೂತ ಕೋಳಿ

ಈಗ ಮಗಳ ಮದುವೆ ಗೊತ್ತಾಯಿತು. ಅವಳು ಹಿರಿಯೂರಲ್ಲಿ ನರ್ಸ್. ಗಂಡಿನ ಮನೆಯವರದು ಅಲ್ಲೇ ತೆಂಗಿನಕಾಯಿ ವ್ಯಾಪಾರ, ಮದುವೆಯೂ ಅಲ್ಲೇ. ನಮ್ಮಲ್ಲಿ ಮದುಮಗಳ ಕೈಹಿಡಿದು ಮಂಟಪಕ್ಕೆ ತರಬೇಕಾದವನು ಸೋದರಮಾವ. ಆ ಸೋದರಮಾವನನ್ನು ಹೆಣ್ಣಿನ ಅಪ್ಪ ಬಾಯಿಬಿಟ್ಟು "ಬಾ" ಅಂತ ಕರೆಯಬೇಕು. ಎಮ್ಮೆಗೆ ಹೇಳಿ ಕರೆದರೆ ನಡೆಯುವುದಿಲ್ಲ.

"ಭಾವ ನನ್ನ ಮುಖ ನೋಡಿ ಕರೀಲಿ ಅಕ್ಕ, ಓಡಿ ಬರ್ತೀನಿ" ಅಂದ ತಮ್ಮ.

"ಚಿಕ್ಕೋನು ಅವನು. ಅವನು ಮೊದ್ಲು ಮಾತಾಡ್ಲಿ, ಕರೀತೀನಿ" ಅಂದರು ಇವರು.

ನನ್ನ ನಿದ್ದೆ ಹಾರಿಹೋಯಿತು. ಅವ್ವನ ಹೊತ್ತಿನಲ್ಲಿ ಆದದ್ದೇ ಮಗಳ ಹೊತ್ತಿನಲ್ಲೂ ಆದರೆ ನಾನು ಯಾರ ಮುಖ ನೋಡಲಿ? ಮಗಳೇ ಒಂದು ದಾರಿ ಹುಡುಕಿದಳು. "ನನ್ನ ದಿಬ್ಬಣ ಆ ವ್ಯಾನಲ್ಲೇ ಹೋಗ್ಬೇಕು. ಅಪ್ಪ, ಮಾವ ಇಬ್ರೂ ಸೇರಿ ಅದನ್ನ ರೆಡಿ ಮಾಡ್ಲಿ" ಅಂದಳು. ನನ್ನ ಕಿವಿಯಲ್ಲಿ, "ಕೆಲ್ಸ ಮಾಡ್ತಾ ಮಾಡ್ತಾ ಯಾರಿಗಾದ್ರೂ ಬಾಯಿ ಜಾರೇ ಜಾರ್ತೈತೆ ನೋಡಮ್ಮ" ಅಂದಳು.

ಯಜಮಾನರು ಉಡುದಾರದಿಂದ ಕೀಲಿ ಬಿಚ್ಚಿಕೊಂಡು ಹಿರೇಗುಂಟನೂರಿಗೆ ಬಂದರು. ಟೈರುಗಳು ನೆಲಕ್ಕೆ ಹೂತುಹೋಗಿದ್ದವು. ಬಾಗಿಲ ಕೆಳಭಾಗ ತುಕ್ಕು ತಿಂದು ಜರಡಿಯಾಗಿತ್ತು. ವೈರುಗಳನ್ನು ಇಲಿ ಕಡಿದು ಗೂಡು ಕಟ್ಟಿತ್ತು. ಡ್ರೈವರು ಬಂದೇ ಬಂದರು ಅಂತ ನನ್ನ ಕಣ್ಣು ತುಂಬಿತು. ಅವರು ಬಾಗಿಲು ತೆಗೆದರೆ ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು.

"ಕಾವಿಗೆ ಕುಂತ ಕೋಳಿ ಎಬ್ಬಿಸಬ್ಯಾಡ್ರಿ. ಮದುವೆ ಮನೆಗೆ ಒಳ್ಳೇದಲ್ಲ" ಅಂದಳು ತಮ್ಮನ ಹೆಂಡತಿ. ಸರಿ, ಮರಿಯಾಗುವವರೆಗೆ ವ್ಯಾನಿಗೆ ಕೈಹಾಕುವಂತಿಲ್ಲ. ಆದರೂ ಯಜಮಾನರು ಬರುವುದನ್ನು ಬಿಡಲಿಲ್ಲ. ಆ ಕಿಟಕಿಯಲ್ಲಿ ಭಾವ, ಈ ಕಿಟಕಿಯಲ್ಲಿ ಭಾವಮೈದ, ನಡುವೆ ಕೋಳಿ.

"ಕೋಳ್ಯಮ್ಮ, ನಾಲ್ಕು ಟೈರೂ ಹೋಗ್ಯಾವೆ ಅಂತ ಆ ಡ್ರೈವರ್‌ಗೆ ಹೇಳು."

"ಕೋಳ್ಯಮ್ಮ, ನನಗೂ ಕಣ್ಣು ಅವೆ ಅಂತ ಹೇಳು."

ಬಣ್ಣ ಯಾವುದು, ಬ್ಯಾಟರಿ ಎಲ್ಲಿಯದು, ಎಲ್ಲ ಕೋಳಿಯ ಸಮಕ್ಷಮದಲ್ಲೇ ತೀರ್ಮಾನವಾಯಿತು. ಚಿತ್ರದುರ್ಗದಿಂದ ಮೆಕ್ಯಾನಿಕ್ ಬಂದು ವ್ಯಾನನ್ನು ಒಂದು ಸುತ್ತು ಹಾಕಿ, "ಇದರ ಓನರ್ ಯಾರ್ರಿ?" ಅಂದ. ಇಬ್ಬರೂ ಕೋಳಿಯ ಕಡೆ ನೋಡಿದರು.

ಹಳೇ ಗೊಬ್ಬರ

ಕೋಳಿ ಮರಿಗಳನ್ನು ಕರೆದುಕೊಂಡು ಇಳಿಯಿತು. ಮೆಕ್ಯಾನಿಕ್ ಒಳಗೆ ಬಗ್ಗಿ ನೋಡಿ, "ಮೊದ್ಲು ಇದನ್ನ ತೊಳೆಸ್ರಿ, ಆಮೇಲೆ ಸಾಮಾನು ಬಿಚ್ತೀನಿ" ಅಂದ. ಇಷ್ಟು ವರ್ಷದ ಜಗಳವನ್ನು ಅವನು ಒಂದೇ ಮಾತಿನಲ್ಲಿ ಕೆದಕಿದ್ದ, ಪಾಪ ಅವನಿಗೇನು ಗೊತ್ತು.

ಯಜಮಾನರು ನೀರು ಸೇದಿ ಸೇದಿ ಇಟ್ಟರು. ತಮ್ಮ ಹೊಸ ಪೊರಕೆ ತಂದು ನಿಲ್ಲಿಸಿದ. ಆದರೆ ಒಳಗೆ ಹತ್ತಿ ಕೈಹಾಕಿದವನು ಸೋತಂತೆ. ಇಬ್ಬರೂ ಹತ್ತಲಿಲ್ಲ. ಬಿಂದಿಗೆಗಳು ತುಂಬಿದವು, ಪೊರಕೆ ನೆನೆಯಲಿಲ್ಲ.

ಪಕ್ಕದ ಮನೆಯಾಕೆ ಬುಟ್ಟಿ ಹಿಡಿದುಕೊಂಡು ಬಂದಳು. "ಹಳೇ ಹಿಕ್ಕೆ ಐತಂತಲ್ಲ. ನನ್ನ ಕನಕಾಂಬರಕ್ಕೆ ಒಳ್ಳೆ ಗೊಬ್ಬರ ಆಗ್ತೈತೆ" ಅಂದವಳೇ ವ್ಯಾನು ಹತ್ತಿ, ಕೊಳೆತ ಜಮಖಾನ ಸರಿಸಿ, ಬುಟ್ಟಿಗೆ ಗೋರತೊಡಗಿದಳು.

"ಏಯ್, ಅದು ನಮ್ಮ ಹಿಕ್ಕೆ!" ಇಬ್ಬರೂ ಒಂದೇ ದನಿಯಲ್ಲಿ ಕೂಗಿದರು.

ಆಕೆ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಇಳಿದಳು. "ಇಷ್ಟು ವರ್ಷ ನೀನು ತೊಳಿ, ನೀನು ತೊಳಿ ಅಂತಿದ್ರಿ. ನಾನು ಕೈ ಹಾಕಿದ ಕೂಡ್ಲೇ ನಮ್ದಾತಾ?"

ಅವಳು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಸೀರೆ ಎತ್ತಿ ಕಟ್ಟಿ ನಾನೇ ಹತ್ತಿದೆ. ಕೋಳಿ ಪುಕ್ಕ, ಇಲಿ ಗೂಡು, ಒಣಗಿದ ಹೂವಿನ ನಾರು ಎಲ್ಲ ಗುಡಿಸಿ, ನೀರು ಸುರಿದು ಉಜ್ಜಿದೆ. ಸೀಟಿನ ಸಂದಿಯಲ್ಲಿ ಅವ್ವನ ಸುಣ್ಣದ ಡಬ್ಬಿ ಸಿಕ್ಕಿತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಳುತ್ತಲೇ ಉಜ್ಜಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ವ್ಯಾನು ಫಳಫಳ ಅನ್ನುತ್ತಿತ್ತು. ಅರ್ಧ ದಿನದ ಕೆಲಸ. ಅಷ್ಟಕ್ಕಾಗಿ ನನ್ನ ಅರ್ಧ ಆಯುಷ್ಯ ಹೋಗಿತ್ತು. ಆ ಹೊಸದುರ್ಗದ ಮದುವೆಯ ಮರುದಿನವೇ ನಾನು ಸೀರೆ ಎತ್ತಿ ಕಟ್ಟಿದ್ದರೆ ಅವ್ವ ಹೊಳಲ್ಕೆರೆಗೆ ಬಂದು ಹೋಗುತ್ತಿದ್ದಳು.

ಆ ಕಿಟಕಿಯಿಂದ ಯಜಮಾನರು ಮೆಲ್ಲಗೆ, "ಆ ಮೂಲೇಲಿ ಇನ್ನೊಂದಿಷ್ಟು ಐತೆ" ಅಂದರು. ಈ ಕಿಟಕಿಯಿಂದ ತಮ್ಮ, "ಹೂಂ, ಅಲ್ಲೇ ಅಕ್ಕ, ಬಲಕ್ಕೆ" ಅಂದ. ಒದ್ದೆ ಬಟ್ಟೆ ಒಂದೇ ಇತ್ತು. ಎರಡಿದ್ದರೆ ಇಬ್ಬರ ಮುಖಕ್ಕೂ ಬೀಳುತ್ತಿತ್ತು.

ಉಳಿದ ಬಟ್ಟೆ

ಮೆಕ್ಯಾನಿಕ್ ಎಂಜಿನ್ ಇಳಿಸಿ ಏರಿಸಿದ, ತುಕ್ಕು ಹಿಡಿದ ಕಡೆ ತಗಡು ಬೆಸೆಸಿದ, ಹೊಸ ಟೈರು ಬಂದವು, ನೀಲಿ ಬಣ್ಣ ಬಂತು. ಸೀಟುಗಳನ್ನು ಬಿಚ್ಚಿ ಹೊಳಲ್ಕೆರೆಗೆ ನಮ್ಮನೆಗೆ ತಂದಿಟ್ಟರು, ಅವುಗಳ ಕವರು ನನ್ನ ಪಾಲಿಗೆ ಬಿತ್ತು. ಬ್ಲೌಸ್ ಹೊಲಿಯುವ ಕೈಗೆ ಸೀಟು ಹೊಸದು. ಅಭ್ಯಾಸಬಲದಿಂದ ಮೊದಲ ಸೀಟಿಗೆ ಹಿಂದೆ ಹುಕ್ಕು ಇಟ್ಟುಬಿಟ್ಟಿದ್ದೆ. ಅಂಗಡಿಯಲ್ಲಿ ಗಂಟು ಕಟ್ಟಿಟ್ಟಿದ್ದ ತುಂಡು ಬಟ್ಟೆಗಳನ್ನೆಲ್ಲ ಕೂಡಿಸಿ ಬಣ್ಣ ಬಣ್ಣದ ಕವರು ಹೊಲಿದೆ, ಕೌದಿಯ ಹಾಗೆ ಚೆಂದ ಕಂಡಿತು.

ನಮ್ಮ ಬೀದಿಯ ಹೆಂಗಸರು ನೋಡಲು ಬಂದರು. ಒಬ್ಬಳು ಸೀಟು ಸವರುತ್ತ ನಿಂತುಬಿಟ್ಟಳು. "ಇದು ನನ್ನ ಗೃಹಪ್ರವೇಶದ ಬ್ಲೌಸ್ ಪೀ‍ಸಲ್ವಾ?" ಇನ್ನೊಬ್ಬಳು, "ಈ ಹಸಿರು ನಂದು! ತೋಳು ಉದ್ದ ಇಡ್ರಿ ಅಂದ್ರೆ ಬಟ್ಟೆ ಸಾಲಲ್ಲ ಅಂದಿದ್ರಿ!" ನಾನು ತಲೆ ತಗ್ಗಿಸಿ ನಿಂತೆ. ಹೊಳಲ್ಕೆರೆಯಲ್ಲಿ ಯಾರ ಯಾರ ತೋಳು ಎಷ್ಟೆಷ್ಟು ಗಿಡ್ಡವಾಯಿತು ಅನ್ನುವುದು ಆ ಸೀಟುಗಳ ಮೇಲೆ ಬಹಿರಂಗವಾಗಿತ್ತು.

ರಾಮಗಿರಿ ಇಳಿಜಾರು

ವ್ಯಾನು ಸಿದ್ಧವಾಯಿತು. ಮದುವೆ ಹತ್ತಿರ ಬಂತು. ಯಾರ ಬಾಯೂ ಜಾರಲಿಲ್ಲ. ಕೋಳಿ ಹೋದ ಮೇಲೆ ಇಬ್ಬರೂ ವ್ಯಾನಿಗೇ ಹೇಳಲು ಶುರು ಮಾಡಿದ್ದರು. "ವ್ಯಾನೇ, ನಟ್ಟು ಬಿಚ್ಚೋ ಪಾನಾ ಎಲ್ಲಿಟ್ಟಾರೆ ಕೇಳು." "ವ್ಯಾನೇ, ನಿನ್ನ ಸೀಟಿನ ಕೆಳಗೇ ಐತೆ ಅಂತ ಹೇಳು." ಮಗಳ ಮುಖ ಸಣ್ಣದಾಯಿತು. "ಮಾವ ಬರ್ದಿದ್ರೆ ನನ್ನ ಕೈ ಯಾರು ಹಿಡೀತಾರಮ್ಮ?" ಅಂತ ಒಂದು ದಿನ ನನ್ನ ಹೊಲಿಗೆ ಮಷೀನಿನ ಮೇಲೆ ತಲೆಯಿಟ್ಟು ಅತ್ತಳು. ನಾನು ದಾರ ಪೋಣಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ಹೊಸ ಗಾಡಿಯಂತಾದ ಮೇಲೆ ಪೂಜೆ ಮಾಡಿಸಬೇಕಲ್ಲ. ಎಲ್ಲರೂ ಹತ್ತಿ ರಾಮಗಿರಿ ಗುಡ್ಡದ ದೇವಸ್ಥಾನಕ್ಕೆ ಹೊರಟೆವು. ಯಜಮಾನರು ಸ್ಟಿಯರಿಂಗ್ ಹಿಡಿದರು, ಪಕ್ಕದಲ್ಲಿ ತಮ್ಮ ಕಿಟಕಿಯ ಆಚೆ ನೋಡುತ್ತ ಕೂತ, ಹಿಂದೆ ನಾನು, ಮಗಳು, ತಮ್ಮನ ಹೆಂಡತಿ. ನಿಂಬೆಹಣ್ಣು ಒಡೆದು, ಕಾಯಿ ಒಡೆಸಿ, ಕುಂಕುಮ ಹಚ್ಚಿಸಿಕೊಂಡು ವಾಪಸು ಹೊರಟೆವು. ಗುಡ್ಡದಿಂದ ಈಚೆ ರಸ್ತೆ ಇಳಿಜಾರು. ರಸ್ತೆಯ ಅರ್ಧಕ್ಕೆ ಯಾರೋ ಮೆಕ್ಕೆಜೋಳ ಒಣಗಿಸಿ ರಾಶಿ ಹಾಕಿದ್ದರು, ಇನ್ನರ್ಧದಲ್ಲಿ ಕುರಿ ಹಿಂಡು ಅಡ್ಡ ಬಂತು.

ಕುರಿ ಕಂಡರೆ ನನ್ನ ತಮ್ಮನ ಜೀವ ಬಾಯಿಗೆ ಬರುತ್ತದೆ. ಸೀಟಿನಿಂದ ಅರ್ಧ ಎದ್ದು ಊರಿಗೆಲ್ಲ ಕೇಳುವ ಹಾಗೆ ಕೂಗಿದ. "ಭಾವಾ! ಬ್ರೇಕ್ ಹಾಕ್ರಿ ಭಾವಾ!"

"ಹಿಡೀತಿಲ್ಲ ಕಣಲೇ!" ಅಂದರು ಯಜಮಾನರು.

"ಜೋಳದ ಮೇಲೆ ಹತ್ತಿಸ್ರಿ!"

"ಗಟ್ಟಿಯಾಗಿ ಹಿಡ್ಕಳಲೇ!"

ವ್ಯಾನು ಜೋಳದ ರಾಶಿಗೆ ನುಗ್ಗಿ, ಉಸ್ಸೆಂದು, ಮೊಣಕಾಲುದ್ದ ಹೂತು ನಿಂತಿತು. ಬ್ರೇಕಿನ ಹಳೇ ಪೈಪು ಎಲ್ಲೋ ಒಡೆದಿತ್ತು. ಯಾರಿಗೂ ಏನೂ ಆಗಲಿಲ್ಲ. ಕುರಿಗಳು ಜೋಳಕ್ಕೆ ಬಾಯಿಹಾಕಿದವು. ಏನು ನಡೆದುಹೋಯಿತು ಅಂತ ಎಲ್ಲರಿಗೂ ಗೊತ್ತಾಗಿತ್ತು. ಮಗಳು ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದಿದ್ದಳು. ನಾನು ದೇವರನ್ನು ಬೈದುಕೊಂಡೆ. ಫೇಲಾಗುವುದೇ ಇದ್ದರೆ ಈ ಬ್ರೇಕು ಅವ್ವ ಇರುವಾಗ ಫೇಲಾಗಬಾರದಿತ್ತೇ?

ತಮ್ಮ ಮೆಲ್ಲಗೆ ಅಂದ, "ನಾನು ವ್ಯಾನಿಗೆ ಹೇಳಿದ್ದು ಭಾವ. ನಿಮಗಲ್ಲ."

ಯಜಮಾನರು ಸ್ಟಿಯರಿಂಗ್ ಬಿಡದೆ, ಮುಂದೆಯೇ ನೋಡುತ್ತ ಅಂದರು, "ಗೊತ್ತು ಕಣಲೇ. ನಾನೂ ವ್ಯಾನಿಗೇ ಉತ್ತರ ಕೊಟ್ಟಿದ್ದು."

ಜೋಳದವನು ದೂರದಿಂದ ಬೈಯುತ್ತ ಓಡಿ ಬರುತ್ತಿದ್ದ. ಯಜಮಾನರು ಕೈ ಒರೆಸಿಕೊಂಡು ಪೂರ್ತಿ ತಮ್ಮನ ಕಡೆ ತಿರುಗಿದರು. "ಈಗ ನಿನಗೆ ಹೇಳ್ತೀನಿ ಕೇಳು. ಮಗಳ ಮದುವೆ ಐತೆ. ಬಾ. ಕೈ ಹಿಡ್ದು ಮಂಟಪಕ್ಕೆ ತಾ."

ತಮ್ಮ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮೂಗು ಸೀಟಿದ, ಹೊರಗೆ ಜೋಳದಲ್ಲಿ ಹೂತ ಗಾಲಿಯನ್ನು ಒಮ್ಮೆ ಬಗ್ಗಿ ನೋಡಿದ.

"ಬಂದೇ ಬರ್ತೀನಿ ಭಾವ," ಅಂದ, "ಆದ್ರೆ ಬಸ್ಸಲ್ಲಿ ಬರ್ತೀನಿ."